ಕವರಿನ ಮೂಲೆಯ ಬಳ್ಳಾರಿ ಜಿಲ್ಲೆ

ಕಂದು ಬಣ್ಣದ ಒರಟು ಕಾಗದ. ನಡುವೆ ಅಂಗೈಯಗಲದ ದುಂಡನೆಯ ತೂತು. ಕೆಳಗಿನ ಮೂಲೆಯಲ್ಲಿ ನೇರಳೆ ಶಾಯಿಯ ರಬ್ಬರ್ ಮೊಹರು. ಅಂಗಡಿಯ ಹೆಸರು ಮಾಸಿಹೋಗಿದೆ. ಅದರ ಕೆಳಗಿನ ಸಾಲನ್ನು ಮಾತ್ರ ಬರಿಗಣ್ಣಿನಿಂದಲೇ ಓದಬಹುದು: ಆದವಾನಿ, ಬಳ್ಳಾರಿ ಜಿಲ್ಲೆ.

ಆದವಾನಿ ಈಗ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ಜಗಳ ಬಲವಾಗಿದ್ದರಿಂದ ನ್ಯಾಯಮೂರ್ತಿ ಮಿಶ್ರಾ ಅವರಿಂದ ವಿಚಾರಣೆ ಮಾಡಿಸಿ, ಅದರ ಬಹುಭಾಗವನ್ನು ಮೈಸೂರಿಗೆ ಸೇರಿಸಿದರು. ಒಂದೇ ಜಿಲ್ಲಾ ಕಚೇರಿಗೆ ಕಂದಾಯ ಕಟ್ಟುತ್ತಿದ್ದ ಊರುಗಳು ಒಂದು ಬೆಳಗ್ಗೆ ಎರಡು ರಾಜ್ಯಗಳವಾದವು. ಹಾಗಾಗಿ ಈ ಮೊಹರನ್ನು ಮಾಡಿಸಿದ್ದು 1953ಕ್ಕೆ ಮೊದಲೇ ಎಂಬುದರಲ್ಲಿ ಸಂಶಯವಿಲ್ಲ. ಒತ್ತಿದ್ದು ಯಾವಾಗ ಎಂಬುದು ಬೇರೆ ಪ್ರಶ್ನೆ. ರಾಜ್ಯ ಬದಲಾಯಿತೆಂದು ಅಂಗಡಿಯವರು ಮರುದಿನವೇ ಹೊಸ ಮೊಹರು ಮಾಡಿಸುವುದಿಲ್ಲ. ಅದಕ್ಕೆ ಎರಡನೆಯ ಸಾಕ್ಷಿ ಬೇಕು.

ಜಾನಪದ ಸಂಗೀತದ ಹಳೆಯ ರಿಕಾರ್ಡು ಕವರುಗಳಿಗೆ ಬೆಲೆ ಕಟ್ಟಿಕೊಡಬೇಕೆಂದು ಬೆಂಗಳೂರಿನ ಸಂಗ್ರಾಹಕರೊಬ್ಬರು ಕೇಳಿದ್ದರಿಂದ ನಾನು ಈ ಹುಡುಕಾಟಕ್ಕೆ ಇಳಿದೆ. ಆ ಕವರುಗಳ ಕಟ್ಟು ಇದ್ದದ್ದು ಆದವಾನಿ ಕೋಟೆಯ ಬೆಟ್ಟದ ಕೆಳಗಿನ ಹಳೆಯ ಪೇಟೆಯ ಮನೆಯಲ್ಲಿ. ಮನೆಯ ಹಿರಿಯ ಹೆಣ್ಣುಮಗಳು ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. “ಪ್ಲೇಟು ಕೆಳಗ ಬಿದ್ದು ಬಿದ್ದು ಒಡದ್ವು ಸಾರ್. ಕವರು ಎಲ್ಲಿ ಒಡಿತಾವ? ಅವು ಉಳದಾವ” ಅಂದರು. ಆ ಮಾತಿನಲ್ಲಿ ಪೂರ್ತಿ ವಿವರಣೆ ಇದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟನ್ನು ಮಾಡುತ್ತಿದ್ದದ್ದು ಅರಗಿಗೆ ಕಲ್ಲುಪುಡಿ, ಕಪ್ಪು ಬಣ್ಣ ಬೆರೆಸಿ. ಕೈಜಾರಿದರೆ ಚೂರು. ಒಡೆದ ಪ್ಲೇಟಿನ ಕವರನ್ನು ಬಿಸಾಡುವುದಕ್ಕೆ ಮನಸ್ಸು ಬಾರದ ಮನೆಗಳಲ್ಲಿ ಬರೀ ಕವರುಗಳ ಕಟ್ಟು ಬೆಳೆಯುತ್ತದೆ.

ಸಂಗ್ರಾಹಕರು ಬಳಸುವ ದರ್ಜೆಯ ಪಟ್ಟಿ ಅಮೆರಿಕದ ‘ಗೋಲ್ಡ್‌ಮೈನ್’ ಪತ್ರಿಕೆಯ ಮೂಲಕ ಜಗತ್ತಿಗೆಲ್ಲ ಹರಡಿದ್ದು. ಅಂಗಡಿಯಿಂದ ಈಗ ತಂದಂತಿರುವುದು ಮೇಲಿನ ದರ್ಜೆ. ಒಳಗಿನ ಪ್ಲೇಟಿನ ಅಂಚು ಒತ್ತಿ ಕವರಿನ ಮೇಲೆ ವರ್ತುಲ ಮೂಡಿದ್ದರೆ ಒಂದು ಮೆಟ್ಟಿಲು ಕೆಳಗೆ. ಅಂಟಿಸಿದ ಅಂಚು ಬಿಚ್ಚಿದ್ದರೆ ಇನ್ನೊಂದು. ಮೇಲೆ ಹೆಸರು ಬರೆದಿದ್ದರೆ, ಮೊಹರು ಒತ್ತಿದ್ದರೆ, ಚೀಟಿ ಅಂಟಿಸಿದ್ದರೆ ಮತ್ತಷ್ಟು ಕೆಳಗೆ. ಲಕ್ಷಗಟ್ಟಲೆ ಅಚ್ಚಾದ ಅಮೆರಿಕನ್ ಪಾಪ್ ಸಂಗೀತದ ರಟ್ಟಿನ ಕವರಿಗೆ ಈ ಅಳತೆ ಸರಿ. ಎಲ್ಲವೂ ಒಂದೇ ಥರ ಇರುವಲ್ಲಿ ಶುಚಿಯಾಗಿರುವುದೇ ಅಪರೂಪ. ಆದವಾನಿಯ ಕಂದು ಕವರಿಗೆ ಇದೇ ಅಳತೆ ಹಿಡಿದರೆ ತಲೆಕೆಳಗಾದ ಉತ್ತರ ಬರುತ್ತದೆ. ಆ ಕವರು ಕಾರ್ಖಾನೆಯಿಂದ ಬಂದಾಗ ಅದಕ್ಕೆ ತನ್ನದೆಂಬ ಗುರುತೇ ಇರಲಿಲ್ಲ. ಕಲ್ಕತ್ತೆಯಿಂದ ಹಿಡಿದು ಕೊಚ್ಚಿಯವರೆಗೆ ಅದೇ ಕಾಗದ, ಅದೇ ನಾಯಿ, ಅದೇ ತುತ್ತೂರಿ. ಮೊಹರು ಒತ್ತಿದ ಮೇಲೆ, ಮನೆಯವರು ಹೆಸರು ಬರೆದ ಮೇಲೆ ಅದು ಆದವಾನಿಯದಾಯಿತು. ಪೇಟೆಯವರು ಯಾವುದನ್ನು ಕಲೆ ಎಂದು ಬರೆದುಕೊಳ್ಳುತ್ತಾರೋ ಅದೇ ಇಲ್ಲಿ ದಾಖಲೆ. ಬೆಲೆ ಕಟ್ಟುವ ಕೆಲಸದಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡಿರುವ ಮಾತು ಇದು.

ಅಂಥ ಕವರನ್ನು ಓದುವುದು ಪದರ ಪದರವಾಗಿ. ಮೊದಲ ಪದರ ಕಂಪನಿಯ ಅಚ್ಚು. ಫ್ರಾನ್ಸಿಸ್ ಬರಾಡ್ ಬರೆದ, ಎಚ್‌ಎಂವಿಯ ಗುರುತಾದ ನಾಯಿಯ ಚಿತ್ರವನ್ನು ಗ್ರಾಮಫೋನ್ ಕಂಪನಿ 1899ರಲ್ಲಿ ಕೊಂಡಿತು. 1902ರಲ್ಲಿ ಅದರ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡನ್ನು ಹಿಡಿದುಕೊಂಡು ಹೋದ. ಪ್ಲೇಟುಗಳನ್ನು ಮೊದಲು ಹೊರದೇಶದಲ್ಲಿ ಒತ್ತಿಸಿ ತರಿಸುತ್ತಿದ್ದರು. ಆಮೇಲೆ ಕಲ್ಕತ್ತೆಯಲ್ಲೇ ಕಾರ್ಖಾನೆ ಆಯಿತು, ಮುಂದೆ ಅದು ಡಮ್‌ಡಮ್‌ಗೆ ಹೋಯಿತು. ಕವರಿನ ಮೇಲೆ ಸೂಜಿಯ ಜಾಹೀರಾತು ಇರುವುದುಂಟು. ಪ್ಲೇಟಿನ ಪ್ರತಿ ಬದಿಗೂ ಹೊಸ ಸೂಜಿ ಹಾಕಿ ಎನ್ನುವ ಬುದ್ಧಿಮಾತು ಅದರಲ್ಲಿ. ನಡುವಿನ ತೂತು ಒಳಗಿನ ಪ್ಲೇಟಿನ ಚೀಟಿಯನ್ನು ಓದುವುದಕ್ಕೆ: ಹಾಡಿದವರ ಹೆಸರು, ಭಾಷೆ, ಸಂಖ್ಯೆ. ಎಚ್‌ಎಂವಿಯಾದರೆ ಸಂಖ್ಯೆಯ ಮುಂದೆ ‘ಎನ್’, ಕೊಲಂಬಿಯಾ ಆದರೆ ‘ಜಿಇ’, ಅಗ್ಗದ ‘ಟ್ವಿನ್’ ಆದರೆ ‘ಎಫ್‌ಟಿ’.

ಎರಡನೆಯ ಪದರ ಅಂಗಡಿಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಸಾರವುಳ್ಳದ್ದು. ವಿಳಾಸದಲ್ಲಿ ‘ಮದ್ರಾಸ್ ಪ್ರೆಸಿಡೆನ್ಸಿ’ ಎಂದಿದೆಯೋ ‘ಮದ್ರಾಸ್ ರಾಜ್ಯ’ ಎಂದಿದೆಯೋ ನೋಡಬೇಕು. ಎರಡನೆಯದು 1950ರ ಗಣರಾಜ್ಯದ ನಂತರದ ಮಾತು. ಊರಿನ ಹೆಸರಿನ ಪಕ್ಕದಲ್ಲಿ ‘ಎಂ ಅಂಡ್ ಎಸ್‌ಎಂ ರೈಲ್ವೆ’ ಎಂದಿದ್ದರೆ ಇನ್ನೂ ಒಳ್ಳೆಯದು. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ರಾಯಚೂರಿನಿಂದ ಗುಂತಕಲ್ಲಿನ ಮೇಲೆ ಮದ್ರಾಸಿಗೆ ಹೋಗುವ ಆ ಹಾದಿಯಲ್ಲೇ ಆದವಾನಿ ನಿಲ್ದಾಣ; ಪ್ಲೇಟಿನ ಪೆಟ್ಟಿಗೆಗಳು ಬಂದಿಳಿಯುತ್ತಿದ್ದದ್ದೂ ಅಲ್ಲಿಯೇ. ‘ಕರ್ನೂಲು ಜಿಲ್ಲೆ, ಆಂಧ್ರ ರಾಜ್ಯ’ ಎಂಬ ವಿಳಾಸ ಸಿಕ್ಕರೆ ಕಾಲ ತುಂಬ ಕಿರಿದಾಗುತ್ತದೆ, ಏಕೆಂದರೆ ಆ ಹೆಸರಿನ ರಾಜ್ಯ ಬದುಕಿದ್ದೇ 1953ರ ಅಕ್ಟೋಬರ್‌ನಿಂದ 1956ರ ನವೆಂಬರ್ 1ರವರೆಗೆ. ಆಮೇಲೆ ಆಂಧ್ರಪ್ರದೇಶ. 518301 ಎಂಬ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದೆ ಹೋಗುವ ಹಾಗಿಲ್ಲ.

ಮೂರನೆಯದು ಸೀಸದ ಕಡ್ಡಿ, ಪೆನ್ನು. ಬೆಲೆಯನ್ನು ರೂಪಾಯಿ, ಆಣೆ, ಪೈಗಳ ನಡುವೆ ಅಡ್ಡಗೆರೆ ಹಾಕಿ ಬರೆದಿದ್ದರೆ 1957ರ ಏಪ್ರಿಲ್ 1ರಂದು ನಯಾಪೈಸೆ ಬರುವುದಕ್ಕೆ ಮೊದಲಿನ, ಇಲ್ಲವೇ ಅದರ ಆಸುಪಾಸಿನ ಕೈಬರಹ. ಮೊದಲಿಗೆ ಹೇಳಿದ ಕವರಿನ ಎರಡನೆಯ ಸಾಕ್ಷಿ ಸಿಕ್ಕಿದ್ದು ಇಲ್ಲಿ: ಹಿಂಬದಿಯಲ್ಲಿ ಆಣೆಯ ಲೆಕ್ಕದ ಬೆಲೆ, ಮುಂಬದಿಯ ಮೊಹರಿನಲ್ಲಿ ಹಳೆಯ ರೈಲ್ವೆಯ ಹೆಸರಿನ ತುಣುಕು. ಎರಡನ್ನೂ ಜಿಲ್ಲೆಯ ಹೆಸರಿನ ಜೊತೆಗೆ ಇಟ್ಟಾಗ ಕವರು ರಾಜ್ಯ ಒಡೆಯುವ ಮೊದಲಿನದೆಂದು ಬರೆಯುವ ಧೈರ್ಯ ಬಂತು.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. 78ರ ಕವರು ಮತ್ತು ಅದರೊಳಗಿನ ಪ್ಲೇಟು ಜೋಡಿ ಎಂದು ನಂಬಬಾರದು. ಹಾಡು ಕೇಳಿ ಮುಗಿಸಿದವರು ಕೈಗೆ ಸಿಕ್ಕ ಕವರಿಗೆ ಪ್ಲೇಟು ತೂರಿಸುತ್ತಿದ್ದರು. ಕವರಿನ ಮೇಲೆ ಆದವಾನಿಯ ಮೊಹರಿದೆ, ಒಳಗೆ ಒಂದು ದೇವರನಾಮ ಇದೆ ಎಂದ ಮಾತ್ರಕ್ಕೆ ಆ ದೇವರನಾಮವನ್ನು ಆದವಾನಿಯಲ್ಲಿ ಕೊಂಡರು ಎನ್ನಲಾಗದು. ಕವರು ಹೇಳುವುದು ಇಷ್ಟೇ: ಈ ಊರಲ್ಲಿ ಪ್ಲೇಟು ಮಾರುವ ಅಂಗಡಿ ಇತ್ತು, ಈ ಮನೆಯವರು ಅಲ್ಲಿಗೆ ಹೋಗುತ್ತಿದ್ದರು. ಕವರಿನ ಮೇಲೆ ಮನೆಯವರೇ ಸಂಖ್ಯೆ ಬರೆದಿಟ್ಟಿದ್ದರೆ ಮಾತ್ರ ಜೋಡಿ ಕೂಡುತ್ತದೆ. ಈ ಕಟ್ಟಿನಲ್ಲಿ ಕೆಲವಕ್ಕೆ ಹಾಗೆ ಬರೆದಿತ್ತು, ಕನ್ನಡ ಅಂಕಿಯಲ್ಲಿ.

ಹಾಗೆ ಸಿಕ್ಕ ಸಂಖ್ಯೆಗಳನ್ನು ಹಿಡಿದುಕೊಂಡು ಪಟ್ಟಿಗಳ ಕಡೆ ಹೋದೆ. ಭಾರತದ ಪ್ಲೇಟುಗಳ ಬಗ್ಗೆ ಕೆಲಸ ಮಾಡುವ ಯಾರೂ ಮೈಕೆಲ್ ಕಿನ್ನಿಯರ್ ಅವರ ಋಣದಿಂದ ತಪ್ಪಿಸಿಕೊಳ್ಳಲಾರರು. ಗ್ರಾಮಫೋನ್ ಕಂಪನಿಯ ಮೊದಲ ಭಾರತೀಯ ಧ್ವನಿಮುದ್ರಣಗಳ ಪಟ್ಟಿಯನ್ನು ಅವರು ಪುಸ್ತಕವಾಗಿ ತಂದದ್ದು 1994ರಲ್ಲಿ. ಮುಂಬಯಿಯಲ್ಲಿ 1990ರಲ್ಲಿ ಹುಟ್ಟಿದ ರಿಕಾರ್ಡು ಸಂಗ್ರಾಹಕರ ಸಂಘ, ಅದರ ‘ರೆಕಾರ್ಡ್ ನ್ಯೂಸ್’ ಪತ್ರಿಕೆ, ಅದರ ಹಿಂದಿನ ಶಕ್ತಿಯಾದ ಸುರೇಶ್ ಚಾಂದವಣಕರ್ ಇನ್ನೊಂದು ಆಸರೆ. ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯಲ್ಲಿ ಚಾಂದವಣಕರ್ ಅವರು ಮುಂಬಯಿಯ ‘ಯಂಗ್ ಇಂಡಿಯಾ’ ಎಂಬ ಸ್ವದೇಶಿ ಕಂಪನಿಯ ಪ್ಲೇಟುಗಳ ಜೊತೆಗೆ ಅದರ ಪಟ್ಟಿ, ಪ್ರಚಾರದ ಕಾಗದಗಳನ್ನೂ ಉಳಿಸಿದರು. ಹಾಡಿನಷ್ಟೇ ಕಾಗದವೂ ಮುಖ್ಯ ಎಂದು ಮನಗಂಡವರು ನಮ್ಮಲ್ಲಿ ಕಡಿಮೆ. ಬೆಂಗಳೂರಿನಲ್ಲಿ ವಿಕ್ರಂ ಸಂಪತ್ ಕಟ್ಟಿದ ಭಾರತೀಯ ಸಂಗೀತದ ದಾಖಲಾಗಾರದಲ್ಲಿ ಹಳೆಯ ಕನ್ನಡ ದನಿಗಳನ್ನು ಕೇಳಬಹುದು. ಸಂಖ್ಯೆ ಗೊತ್ತಿದ್ದು ದನಿ ಗೊತ್ತಿಲ್ಲದವರಿಗೆ ಅದು ದೊಡ್ಡ ಉಪಕಾರ. ಇಂಗ್ಲಿಷ್ ಪಟ್ಟಿಗಳಲ್ಲಿ ಹುಡುಕುವವರು ‘ಕ್ಯಾನರೀಸ್’ ಎಂಬ ತಲೆಬರಹದ ಕೆಳಗೆ ನೋಡಬೇಕು. ಹಳೆಯ ಪ್ಲೇಟಿನ ಚೀಟಿಯ ಮೇಲೂ ನಮ್ಮ ಭಾಷೆಯ ಹೆಸರು ಹಾಗೆಯೇ.

ಪಟ್ಟಿಗಳಲ್ಲಿ ಜಾನಪದ ಎಲ್ಲಿದೆ? ಸಂಗ್ರಾಹಕರು ಕೇಳಿದ್ದು ಅದನ್ನೇ. ಆಗಿನ ಕನ್ನಡ ಪ್ಲೇಟುಗಳಲ್ಲಿ ಕಾಣುವುದು ನಾಟಕದ ಹಾಡು, ದೇವರನಾಮ, ವಚನ, ಸಿನಿಮಾ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದರು. ಗಂಗೂಬಾಯಿ ಹಾನಗಲ್ ಅವರ ಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಲ್ಲಿ ಬಂದವು. ಮದ್ರಾಸಿನಲ್ಲಿ ಎ. ವಿ. ಮೆಯ್ಯಪ್ಪನ್ ಮತ್ತು ಗೆಳೆಯರು ನಡೆಸಿದ ಸರಸ್ವತಿ ಸ್ಟೋರ್ಸ್ ಓಡಿಯನ್ ಪ್ಲೇಟುಗಳನ್ನು ದಕ್ಷಿಣದ ಊರುಗಳಿಗೆ ಮುಟ್ಟಿಸಿತು. ಜನಪದ ಗೀತೆಯನ್ನು ಪ್ಲೇಟಿನ ಮೇಲೆ ಮನೆಮಾತು ಮಾಡಿದವರು ಪಿ. ಕಾಳಿಂಗರಾಯರು (1914–1981), ಸೋಹನ್‌ಕುಮಾರಿ, ಮೋಹನ್‌ಕುಮಾರಿ ಸೋದರಿಯರು ಅವರ ಜೊತೆ ಹಾಡುತ್ತಿದ್ದರು. ಅದು ವಾದ್ಯಗೋಷ್ಠಿ ಕೂಡಿಸಿ, ರಾಗ ಹದಮಾಡಿ, ಸ್ಟುಡಿಯೋಗೆ ಹೊಂದಿಸಿದ ಜಾನಪದ. ಸೊಗಸಾದದ್ದೇ. ಆದರೆ ಆದವಾನಿಯ ಸುತ್ತಿನ ಹಳ್ಳಿಗಳದ್ದಲ್ಲ.

ಈ ಸೀಮೆಯ ಹಾಡು ಯಾವುದು? ಹೊಳಗುಂದದ ಕಡೆಯ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳಮಲ್ಲೇಶ್ವರನ ಬನ್ನಿ ಉತ್ಸವ. ಬಡಿಗೆ ಹಿಡಿದ ಸಾವಿರಾರು ಜನರ ಸುದ್ದಿ ಮಾತ್ರ ಪತ್ರಿಕೆಗೆ ಬರುತ್ತದೆ. ಕಂಬಳಿ ಹೊದ್ದು ಡಮರುಗ ಆಡಿಸುತ್ತ ಹಾಡುವ ಗೊರವರ ಸುದ್ದಿ ಬರುವುದಿಲ್ಲ. ಊರೂರಲ್ಲಿ ಮೊಹರಮ್ಮಿನ ಅಲಾಯಿ ಹಾಡು. ಹಾಡುವವರಲ್ಲಿ ಮುಸಲ್ಮಾನರಷ್ಟೇ ಕುರುಬರೂ ನಾಯಕರೂ ಇರುತ್ತಾರೆ. ಏಕತಾರಿ ಹಿಡಿದ ತತ್ವಪದದವರು, ಭಜನೆಯ ಮನೆಗಳು, ಬಯಲಾಟದ ಮೇಳಗಳು, ಬುರ್ರಕಥೆಯವರು. ಒಂದೇ ಹಾಡುಗಾರ ಒಂದು ಊರಲ್ಲಿ ತೆಲುಗು, ಮುಂದಿನ ಊರಲ್ಲಿ ಕನ್ನಡ. ಇವರಲ್ಲಿ ಒಬ್ಬರ ದನಿಯನ್ನೂ ನಾನು ನೋಡಿದ ಪಟ್ಟಿಗಳಲ್ಲಿ ಕಾಣಲಿಲ್ಲ.

ಕಾರಣ ಕಷ್ಟದ್ದಲ್ಲ. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷ, ಸ್ವಲ್ಪ ಹೆಚ್ಚು. ಬುರ್ರಕಥೆಯಲ್ಲಿ ಆ ಹೊತ್ತಿಗೆ ದೇವತಾಸ್ತುತಿಯೂ ಮುಗಿದಿರುವುದಿಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು (2014ರಲ್ಲಿ ತೀರಿಕೊಂಡರು) ಅಕ್ಷರ ಕಲಿಯದೆ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನು ಪುಸ್ತಕವಾಗಿಸಿತು. ಅಂಥ ಒಂದು ಕಥೆಯನ್ನು ಅರಗಿನ ಪ್ಲೇಟಿಗೆ ಇಳಿಸಿದ್ದರೆ ಎತ್ತಿನ ಬಂಡಿಯೇ ಬೇಕಾಗುತ್ತಿತ್ತು. ಇನ್ನೊಂದು ಕಾರಣ ದುಡ್ಡಿನದು. ಗ್ರಾಮಫೋನ್ ಪೆಟ್ಟಿಗೆ ಇದ್ದದ್ದು ಹತ್ತಿ ಮಂಡಿಯ ಸಾಹುಕಾರರ ಮನೆಯಲ್ಲಿ, ವಕೀಲರ ಮನೆಯಲ್ಲಿ. ಕಂಪನಿ ಒತ್ತಿದ್ದು ಅವರು ಕೊಳ್ಳುವ ಹಾಡನ್ನು. ಬಾಗಿಲ ಮುಂದೆ ಬಂದು ಪುಕ್ಕಟೆ ಹಾಡುವ ಗೊರವನ ಪ್ಲೇಟಿಗೆ ಯಾರು ಕಾಸು ಕೊಡುತ್ತಿದ್ದರು? ಮುಂದೆ ಧಾರವಾಡದ ಆಕಾಶವಾಣಿ (1950), ಜಾನಪದ ವಿದ್ವಾಂಸ ಎಚ್. ಎಲ್. ನಾಗೇಗೌಡರ ಟೇಪು, ಹಂಪಿಯ ಅಧ್ಯಾಪಕರ ಕ್ಯಾಸೆಟ್ಟು ಬಂದಾಗ ಹಳ್ಳಿಯ ದನಿಗೆ ಯಂತ್ರ ಒದಗಿತು. ಅವು ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಸರಕಲ್ಲ. ಅವಕ್ಕೆ ಸಂಗ್ರಾಹಕರು ಅರಸುವಂಥ ಕವರಿಲ್ಲ.

ಆದರೆ ಈ ಕಟ್ಟನ್ನು ಜಾನಪದವಲ್ಲ ಎಂದು ಪಕ್ಕಕ್ಕಿಡಲು ನನಗೆ ಮನಸ್ಸಾಗಲಿಲ್ಲ. ಕವರುಗಳ ಮೇಲಿನ ಕೈಬರಹ ನೋಡುತ್ತ ಹೋದಂತೆ ಒಂದು ಸೀಮೆಯ ಕೇಳ್ಮೆ ಕಣ್ಣಿಗೆ ಕಟ್ಟುತ್ತದೆ. ಕಪಿಲವಾಯಿ ರಾಮನಾಥಶಾಸ್ತ್ರಿಯವರ ತೆಲುಗು ನಾಟಕ ಪದ್ಯದ ಕವರಿನ ಮೇಲೆ ಮನೆಯವರ ಹೆಸರು ಕನ್ನಡದಲ್ಲಿದೆ. ದಾಸರ ಪದದ ಕವರಿನ ಮೇಲೆ ತೆಲುಗು ಲಿಪಿಯಲ್ಲಿ ಪಲ್ಲವಿಯ ಗುರುತು. ಉರ್ದು ಕವ್ವಾಲಿಯ ಕವರಿನ ಮೇಲೆ ಅದೇ ಕೈಯ ಕನ್ನಡ ಅಂಕಿ. ಇದು ವಿಚಿತ್ರವೇನಲ್ಲ. ಬಳ್ಳಾರಿಯ ರಂಗಭೂಮಿಯೇ ಹಾಗಿತ್ತು: ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ತೆಲುಗು ನಾಟಕವನ್ನು ಕಟ್ಟಿದ್ದು ಬಳ್ಳಾರಿಯಲ್ಲಿ ಕೂತು, ಬಳ್ಳಾರಿ ರಾಘವರು (1880–1946) ತೆಲುಗು, ಕನ್ನಡ ಎರಡರಲ್ಲೂ ನಟಿಸಿದರು. ಆದವಾನಿಯ ಪ್ರೇಕ್ಷಕರು ಅದೇ ಜಿಲ್ಲೆಯ ಪ್ರೇಕ್ಷಕರು. ದಾಸರ ಪದದ ಮಾತೂ ಅಷ್ಟೇ. ವಿಜಯದಾಸರು ಕೊನೆಯುಸಿರೆಳೆದದ್ದು ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ, 1755ರಲ್ಲಿ. ಅವರ ಪದಗಳನ್ನು ಇಲ್ಲಿನ ಭಜನೆಯವರು ಪ್ಲೇಟಿನಿಂದ ಕಲಿಯಬೇಕಾಗಿರಲಿಲ್ಲ. ಪ್ಲೇಟು ಬಂದಾಗ ತಮ್ಮೂರ ಹಾಡು ಊರೂರು ಅಲೆದು, ವಾದ್ಯ ಹಚ್ಚಿಕೊಂಡು ಮನೆಗೆ ಬಂದಂತೆ ಕೇಳಿಸಿರಬೇಕು.

ಸಂಗ್ರಾಹಕರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಭಾಷೆವಾರು ಬೇರ್ಪಡಿಸುವುದು. ತೆಲುಗು ಹೈದರಾಬಾದಿನ ಕೊಳ್ಳುವವರಿಗೆ, ಕನ್ನಡ ಬೆಂಗಳೂರಿಗೆ, ಉರ್ದು ಇನ್ನೆಲ್ಲಿಗೋ. ಆಮೇಲೆ ಪ್ಲೇಟನ್ನು ತೊಳೆದು ಹೊಸ ಬಿಳಿ ಕವರಿಗೆ ಹಾಕಿ, ಹಳೆಯ ಕಂದು ಕಾಗದವನ್ನು ರದ್ದಿಗೆ ಹಾಕುತ್ತಾರೆ. 1953ರಲ್ಲಿ ನಕಾಶೆಯ ಮೇಲೆ ಆದ ಭಾಗ ಮತ್ತೊಮ್ಮೆ ಒಂದು ಮನೆಯ ಅಟ್ಟದ ಮೇಲೆ ಆಗುತ್ತದೆ. ಅದನ್ನು ತಡೆಯುವುದಕ್ಕೆ ಬೆಲೆ ಕಟ್ಟುವವನ ಕೈಯಲ್ಲಿ ಇರುವ ಉಪಾಯ ಒಂದೇ: ಬಿಡಿಬಿಡಿಯಾಗಿ ಬೆಲೆ ಹಾಕದಿರುವುದು.

ಕಟ್ಟಿನ ತಳದಲ್ಲಿ ಎಲ್‌ಪಿ, ಇಪಿಗಳ ರಟ್ಟಿನ ಕವರುಗಳೂ ಇದ್ದವು. ಇಲ್ಲಿ ಪೇಟೆಯ ಅಳತೆಗೆ ಹೆಚ್ಚು ಜಾಗವಿದೆ. ಈ ಕವರಿಗೆ ತನ್ನದೇ ಚಿತ್ರವಿದೆ, ಹಿಂಬದಿಯಲ್ಲಿ ಬರಹವಿದೆ, ಪ್ಲೇಟಿಗೂ ಕವರಿಗೂ ಒಂದೇ ಸಂಖ್ಯೆ. ಕರ್ನೂಲು ಜಿಲ್ಲೆಯ ಪಡುವಣ ಭಾಗದಲ್ಲಿ ಕನ್ನಡ ರಿಕಾರ್ಡುಗಳ ಕವರು ಏರಿದ ಜಾಗವೆಂದರೆ ಮಂತ್ರಾಲಯ. ಆದವಾನಿಯ ಸುಬೇದಾರ ಸಿದ್ದಿ ಮಸೂದ್ ಖಾನ್ ಮಂಚಾಲೆ ಗ್ರಾಮವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂಬುದು ಮಠದ ಪರಂಪರೆ. 1671ರಲ್ಲಿ ಸ್ವಾಮಿಗಳು ಅಲ್ಲಿ ಬೃಂದಾವನ ಪ್ರವೇಶಿಸಿದರು. 1966ರಲ್ಲಿ ಡಾ. ರಾಜ್‌ಕುಮಾರ್ ರಾಘವೇಂದ್ರರ ಪಾತ್ರ ಮಾಡಿದ ‘ಮಂತ್ರಾಲಯ ಮಹಾತ್ಮೆ’ ಬಂತು. ಗುರುಗಳ ಮೇಲೆ ರಾಜ್‌ಕುಮಾರ್ ಹಾಡಿದ ಭಕ್ತಿಗೀತೆಗಳು ಆಮೇಲೆ ಮನೆಮನೆಗೆ ತಲುಪಿದವು. ಇಂಥ ಕವರುಗಳಲ್ಲಿ ಹಲವಕ್ಕೆ ಅರಿಶಿನ ಕುಂಕುಮದ ಗುರುತಿರುತ್ತದೆ; ಪಟದ ಹಾಗೆ ಗೋಡೆಗೆ ಒರಗಿಸಿ ಪೂಜೆ ಮಾಡಿದ್ದು. ದರ್ಜೆಯ ಪಟ್ಟಿ ಅದನ್ನು ಕೊಳೆ ಎನ್ನುತ್ತದೆ. ನಾನು ಅದನ್ನು ಅಳಿಸಬೇಡಿ ಎಂದು ಬರೆಯುತ್ತೇನೆ.

ಉಳಿದದ್ದು ಕಾಪಾಡುವ ಮಾತು. ಆದವಾನಿಯ ಒಣ ಬಿಸಿಲಿಗೆ ಬೂಷ್ಟು ಕಡಿಮೆ, ಆದರೆ ಕಾಗದ ಹಪ್ಪಳವಾಗುತ್ತದೆ. ಹರಿದಲ್ಲಿ ಪಾರದರ್ಶಕ ಟೇಪು ಹಚ್ಚಬಾರದು. ಅದರ ಅಂಟು ಹಳದಿಯಾಗಿ ಅಕ್ಷರವನ್ನು ನುಂಗುತ್ತದೆ. ಲ್ಯಾಮಿನೇಷನ್ ಮಾಡಿಸಲೇಬಾರದು. ಕವರಿನ ಎರಡೂ ಬದಿಯ ಚಿತ್ರವನ್ನು ಅಳತೆಪಟ್ಟಿ ಪಕ್ಕಕ್ಕಿಟ್ಟು ತೆಗೆಯಬೇಕು, ಮೊಹರಿನ ಚಿತ್ರವನ್ನು ಬೇರೆಯಾಗಿ ಹತ್ತಿರದಿಂದ. ಒಳಗೆ ಸಿಕ್ಕ ಸೂಜಿ, ರಸೀದಿ, ಹಾಡಿನ ಚೀಟಿ ಯಾವುದನ್ನೂ ತೆಗೆದೆಸೆಯಬಾರದು.

ಸಂಗ್ರಾಹಕರಿಗೆ ಕಳಿಸಿದ ಪತ್ರದಲ್ಲಿ ಎರಡು ಬೆಲೆ ಬರೆದೆ. ಬಿಡಿಯಾಗಿ ಮಾರಿದರೆ ಕಂದು ಕವರುಗಳಿಗೆ ಪೇಟೆಯಲ್ಲಿ ಸಿಗುವುದು ಅಲ್ಪ, ಕೆಲವಕ್ಕೆ ಏನೂ ಇಲ್ಲ. ರಟ್ಟಿನ ಕವರುಗಳಲ್ಲಿ ಒಂದೆರಡಕ್ಕೆ ಮಾತ್ರ ಗಿರಾಕಿ ಸಿಕ್ಕಾರು. ಇಡೀ ಕಟ್ಟು ಒಂದಾಗಿ, ಮನೆಯ ಹೆಸರು, ಊರಿನ ಹೆಸರಿನ ಸಮೇತ ಒಂದು ಸಂಸ್ಥೆಗೆ ಹೋಗುವುದಾದರೆ ಅದರ ಹಲವು ಪಟ್ಟು. ಜಾನಪದ ಸಂಗೀತದ ಕವರೆಂದು ಇವನ್ನು ದೃಢೀಕರಿಸಲಾರೆ, ಮೂರು ಭಾಷೆಯ ಒಂದು ಮನೆ 1953ರ ಎರಡೂ ಬದಿಯಲ್ಲಿ ಏನು ಕೇಳಿತೆಂಬ ದಾಖಲೆಯೆಂದು ದೃಢೀಕರಿಸುತ್ತೇನೆ ಎಂದೂ ಸೇರಿಸಿದೆ. ಅವರು ಕೊಳ್ಳಲಿಲ್ಲ. ಆ ತಾಯಿ ಕಟ್ಟನ್ನು ಅಟ್ಟದಿಂದ ಇಳಿಸಿ ಮರದ ಬೀರುವಿನಲ್ಲಿ ಇಟ್ಟಿದ್ದಾರೆ. ಮೊಹರಿನಲ್ಲಿ ಮಾಸಿದ ಹೆಸರಿನ ಅಂಗಡಿ ಯಾವ ಬೀದಿಯಲ್ಲಿತ್ತೆಂದು ಪೇಟೆಯ ಹಳಬರಲ್ಲಿ ಕೇಳುತ್ತಿದ್ದೇನೆ. ಹಳೆಯ ಬಾಡಿಗೆ ಚೀಟಿ, ಪುರಸಭೆಯ ತೆರಿಗೆ ರಸೀದಿ ಇಟ್ಟುಕೊಂಡವರು ಕೌತಾಳಂ, ಕೋಸಗಿ, ಎಮ್ಮಿಗನೂರಿನಲ್ಲೂ ಇದ್ದಾರು.